ದುರಗವ್ವನ ಮೂವತ್ತೊಂದು ಪಲ್ಯ

ಜುಲೈ ೧೩, ರವಿವಾರ. ಬೆಳಿಗ್ಗೆ ೬ ಗಂಟೆ ೧೦ ನಿಮಿಷಕ್ಕೆ ಬರೆಯಲು ಕೂತಿದ್ದೇನೆ.

ದುರಗವ್ವ ಎಲೆಯನ್ನು ಬಾಯಲ್ಲಿಟ್ಟು ಅಗಿಯದೆ ಅದರ ಹೆಸರು ಹೇಳುತ್ತಿರಲಿಲ್ಲ. ಯರಗುಪ್ಪಿಯ ಹೊಲಗಳಲ್ಲಿ ಕಳೆ ತೆಗೆಯುವ ಕೂಲಿ ಅವಳದು. ಬೇರೆಯವರು ಬದುವಿಗೆ ಎಸೆದ ಕಳೆಯಲ್ಲಿ ತಿನ್ನುವ ಸೊಪ್ಪನ್ನು ಆರಿಸಿ ಉಡಿ ತುಂಬಿಕೊಳ್ಳುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಹಲ್ಲೆಲ್ಲ ಹಸಿರು. ಬಿತ್ತದೆ ಬೆಳೆಯುವ ಇಂಥ ಸೊಪ್ಪುಗಳ, ಇಲ್ಲಿನವರ ಮಾತಿನಲ್ಲಿ ಪಲ್ಯಗಳ, ಪಟ್ಟಿ ಮಾಡುವುದೇ ನನ್ನ ಸಂಶೋಧನೆ. ಎರಡು ಮಳೆಗಾಲ ಅವಳ ಹಿಂದೆ ತಿರುಗಿದೆ: ಒಟ್ಟು ಹತ್ತೊಂಬತ್ತು ದಿನ, ಮೂವತ್ತೊಂದು ಪಲ್ಯ.

ಅವಳಿಗೊಂದು ಪದ್ಧತಿಯಿತ್ತು. ಪಲ್ಯದ ಹೆಸರಿನ ಜೊತೆಗೆ ಅದನ್ನು ತನಗೆ ಮೊದಲು ತೋರಿಸಿದವರ ಹೆಸರೂ ಬರಲೇಬೇಕು.

"ಇದು ಹಕ್ಕರಿಕಿ. ನಮ್ಮಕ್ಕ ಯಲ್ಲವ್ವ ತೋರ್ಸಿದ್ದು. ಇದು ಗೋಳಿ, ಬಾಜೂ ಹೊಲದ ಫಾತಿಮಾ ತೋರ್ಸಿದ್ಲು. ಬರ್ಕೊಂಡ್ಯೇನ್ಬೇ?"

"ಪಲ್ಯದ ಹೆಸರು ಬರ್ಕೊಂಡೀನಿ, ದೊಡ್ಡವ್ವಾ."

"ಅದನ್ನ ಸಂತ್ಯಾಗ ಮಾರಾಕಿನೂ ಹೇಳ್ತಾಳ. ತೋರ್ಸಿದಾಕಿ ಹೆಸರು ಬಿಟ್ರ ನಾ ಕದ್ದಂಗಾಗ್ತೈತಿ."

ಹಾಗಾಗಿ ನೋಟ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಂಡೆ. ನನ್ನ ಕೋಷ್ಟಕದಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಒಮ್ಮೆ ಒಂದು ಪಲ್ಯ ತೋರಿಸಿದವರು ನೆನಪಾಗದೆ, ಅದರ ಹೆಸರನ್ನೇ ಹೇಳದೆ ಮನೆಗೆ ನಡೆದಳು. ಮರುದಿನ ನಾನು ಬಸ್ಸಿನಿಂದ ಇಳಿಯುವಾಗ ನಿಲ್ದಾಣದಲ್ಲೇ ನಿಂತಿದ್ದಳು. "ನಮ್ಮತ್ತಿ ತೋರ್ಸಿದ್ದು, ಯವ್ವಾ. ದಿನಾ ಜಗಳಾಡ್ತಿದ್ವಿ, ಅದಕ್ಕ ಮರ್ತಿದ್ನಿ."

ಸಂಶೋಧನೆಗೆ ಮೊದಲು ವಿಶ್ವವಿದ್ಯಾಲಯಕ್ಕೆ ದತ್ತಾಂಶ ನಿರ್ವಹಣೆಯ ಯೋಜನೆ ಬರೆದುಕೊಡಬೇಕು. ಸಂಗ್ರಹಿಸಿದ್ದನ್ನು ಎಲ್ಲಿಡುತ್ತೀರಿ, ಎಷ್ಟು ಪ್ರತಿ, ಯಾರೊಂದಿಗೆ ಹಂಚುತ್ತೀರಿ, ಯಾವುದನ್ನು ಯಾವಾಗ ನಾಶಮಾಡುತ್ತೀರಿ. ಇಂಥ ಕೆಲಸ ನನಗೆ ಇಷ್ಟ. ಮಾಹಿತಿ ಕೊಟ್ಟವರ ಹೆಸರಿನ ಬದಲು ಸಂಕೇತ ಹಾಕುತ್ತೇನೆ, ಕೋಷ್ಟಕವನ್ನು ಎಲ್ಲರಿಗೂ ಸಿಗುವಂತೆ ಜಾಲತಾಣಕ್ಕೆ ಏರಿಸುತ್ತೇನೆ, ಆಮೇಲೆ ಹೆಸರುಗಳಿರುವ ನೋಟ್‌ಬುಕ್ಕುಗಳನ್ನು ಸುಡುತ್ತೇನೆ ಎಂದು ಬರೆದೆ. ತಮ್ಮ ಹೆಸರು ಇರಲಿ ಎನ್ನುವವರಿಗೆ ಒಪ್ಪಿಗೆಯ ಫಾರ್ಮಿನಲ್ಲಿ ಜಾಗವಿತ್ತು. ನಾನು ದುರಗವ್ವನನ್ನು ಕೇಳಲಿಲ್ಲ. ಎಲ್ಲರಿಗೂ ಒಂದೇ ನಿಯಮವಿದ್ದರೆ ಕೋಷ್ಟಕ ಚೊಕ್ಕಟವಾಗಿರುತ್ತದೆ ಎಂದುಕೊಂಡೆ. ನಾಲ್ಕು ನೋಟ್‌ಬುಕ್ ಸುಟ್ಟ ದಿನದ ದಿನಚರಿಯಲ್ಲಿ ಹೀಗಿದೆ: "ಸಂಜೆ ೫.೪೦. ಯೋಜನೆಯಂತೆ ಎಲ್ಲ ಮುಗಿಯಿತು." ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೇನೆ.

ಕೋಷ್ಟಕ ಮುದ್ರಿಸಿ, ಒಂದು ಪ್ರತಿ ಕೊಡಲು ಹೋದೆ. ದುರಗವ್ವನಿಗೆ ಓದು ಬಾರದು. ಸೊಸೆ ರೇಣುಕಾ ಗಟ್ಟಿಯಾಗಿ ಓದಿದಳು: "ಹಕ್ಕರಿಕಿ. ಮಾಹಿತಿ ನೀಡಿದವರು, ಯ-ಏಳು."

"ಯ ಏಳು ಅಂದ್ರ ಯಾರ?"

"ನೀವರಿ ಅತ್ತಿ," ರೇಣುಕಾ ನಕ್ಕಳು.

"ನಂದಿರ್ಲಿ. ನಮ್ಮಕ್ಕ ಎಲ್ಲದಾಳ?"

ಸುಟ್ಟದ್ದನ್ನು ಹೇಳಿದೆ. ನಿಮ್ಮೆಲ್ಲರ ಗುರುತು ಕಾಪಾಡಲು ಎಂದೂ ಹೇಳಿದೆ.

"ಯಾರ ಕಡಿಂದ ಕಾಪಾಡಿದಿ? ಆಕಿ ಸತ್ತು ಹನ್ನೆರಡ ವರ್ಷಾತು."

ಚಹಾ ಬಂದ ಮೇಲೆ ಅವಳೇ ಮಾತಾಡಿದಳು. "ಇರ್ಲಿ ಬಿಡು. ಮಳಿ ಬಿದ್ದಮ್ಯಾಲೆ ಬಾ, ಹೊಲಕ್ಕ ಹೋಗೂಣು. ಮತ್ತ ಎಲ್ಲಾ ಹೇಳ್ತೀನಿ. ಮನ್ಯಾಗ ಕುಂತು ಹೇಳಾಕ ನನಗ ಬರೂದಿಲ್ಲ."

ಮಳೆ ಬಿತ್ತು. ನಾನು ಹೋಗಲಿಲ್ಲ. ಪ್ರಬಂಧ ಸಲ್ಲಿಸುವ ಅವಸರವಿತ್ತು ಎಂದು ದಿನಚರಿ ಹೇಳುತ್ತದೆ. ಅದೇ ವಾರ ಎರಡು ಸಲ ಸಿನಿಮಾಕ್ಕೆ ಹೋದದ್ದನ್ನೂ ಹೇಳುತ್ತದೆ. ಅವಳ ಎದುರು ಕೂತು ಎರಡನೆಯ ಸಲ ಬರೆದುಕೊಳ್ಳಲು ನನಗೆ ಮುಖವಿರಲಿಲ್ಲ. ಆ ಚಳಿಗಾಲದಲ್ಲಿ ದುರಗವ್ವ ತೀರಿಕೊಂಡಳು. ರೇಣುಕಾ ಫೋನು ಮಾಡಿದಾಗ ನಾನು ಕೇಳಿದ ಮೊದಲ ಪ್ರಶ್ನೆ, ಆ ಹೆಸರುಗಳು ನಿನಗೆ ಗೊತ್ತೇ ಎಂದು.

"ಅತ್ತಿ ಇನ್ನಾ ಮನ್ಯಾಗ ಅದಾರ್ರಿ, ಮಣ್ಣಾಗಿಲ್ಲ," ಎಂದಳು ರೇಣುಕಾ. "ಆಮ್ಯಾಲೆ ಕೇಳ್ರಿ."

ಆಮೇಲೆ ಕೇಳಿದೆ. ಅವಳಿಗೆ ಎರಡು ಗೊತ್ತಿದ್ದವು, ನನಗೆ ಮೂರು ನೆನಪಿದ್ದವು. ಅವಳ ಒಪ್ಪಿಗೆ ಪಡೆದು ಯ-೭ ಇದ್ದಲ್ಲೆಲ್ಲ ದುರಗವ್ವ ಎಂದು ತಿದ್ದಿದ್ದೇನೆ, 'ತೋರಿಸಿದವರು' ಎಂಬ ಕಾಲಂ ಸೇರಿಸಿದ್ದೇನೆ. ತುಂಬಿದ್ದು ಐದು, ಖಾಲಿ ಇಪ್ಪತ್ತಾರು. ದುರಗವ್ವನ ಜೊತೆ ಕಳೆ ತೆಗೆದವರು, ಯಾವ ಪಲ್ಯವನ್ನು ಯಾರು ತೋರಿಸಿದರೆಂದು ಅವಳಿಂದ ಕೇಳಿದವರು ಇದನ್ನು ಓದುತ್ತಿದ್ದರೆ, ಒಂದೇ ಹೆಸರಾದರೂ ಸರಿ, ನನಗೆ ಬರೆದು ತಿಳಿಸಿ. ನಿಮ್ಮ ಹೆಸರು ಹಾಕಬೇಕೋ ಬೇಡವೋ ಎಂಬುದನ್ನೂ ಬರೆಯಿರಿ.