ಕೋಣಗುಂಡಿಯ ಕುಶಾಲಪ್ಪ ಮಾವ

ನಮ್ಮ ಕುಶಾಲಪ್ಪ ಮಾವ ಎದೆಗೆ ತೆಂಗಿನಕಾಯಿ ಕಟ್ಟಿಕೊಂಡು ಹೈಸ್ಕೂಲಿಗೆ ಹೋದದ್ದು ಹೌದು. ಬಂಟ್ವಾಳ ಪೇಟೆಯಲ್ಲಿ ಅದನ್ನು ನೋಡದವರು ಸಹ ನೋಡಿದ ಹಾಗೆ ಹೇಳುತ್ತಾರೆ. ಹೇಳಲಿ. ಆದರೆ ಕಾಯಿಯ ವಿಷಯ ಮಾತ್ರ ಹೇಳಿ, ಹಲ್ಲು ಕಿಸಿದು, ಚಾ ಕುಡಿದು ಎದ್ದು ಹೋಗುತ್ತಾರಲ್ಲ, ಅದು ನನಗೆ ಆಗುವುದಿಲ್ಲ. ಅವತ್ತು ಅವರ ಪಕ್ಕದಲ್ಲಿ ಪುಸ್ತಕದ ಚೀಲ ಹಿಡಿದು ನಡೆದವಳು ನಾನು, ರಾಜೀವಿ. ಹೇಳುವುದಾದರೆ ನಾನು ಹೇಳಬೇಕು.

ಮಾವ ಅಂದರೆ ನನ್ನ ಅಮ್ಮನ ಅಣ್ಣ. ನಮ್ಮಲ್ಲಿ ಮನೆತನ ತಾಯಿಯ ಕಡೆಯಿಂದ, ಯಜಮಾನಿಕೆ ಮಾವನದ್ದು. ನನ್ನ ಅಪ್ಪ ಬೊಂಬಾಯಿಯ ಒಂದು ಹೊಟೇಲಿನಲ್ಲಿ ಇದ್ದರು; ಮನೆಯ ಯಾವ ವಿಷಯವೂ ಅವರಿಗೆ ಮುಟ್ಟುವಷ್ಟರಲ್ಲಿ ತೀರ್ಮಾನ ಆಗಿ ಹಳತಾಗಿರುತ್ತಿತ್ತು. ಮಾವನಿಗೆ ಮದುವೆ ಇಲ್ಲ. ಅಕ್ಕಿಮುಡಿಯನ್ನು ತಾವೇ ಎತ್ತಿ ತಲೆಗೆ ಇಟ್ಟುಕೊಳ್ಳುವ ಆಳು. ಹೋರಿಗೆ ಹೆದರುವವರಲ್ಲ, ಹಾವಿಗೆ ಹೆದರುವವರಲ್ಲ. ನೀರಿಗೆ ಮಾತ್ರ ಹೆದರಿಕೆ. ಸ್ನಾನ ಮಾಡುವಾಗ ಹಂಡೆಯಿಂದ ಒಂದು ಮಾರು ದೂರ ಕೂತು, ಚೆಂಬನ್ನು ಕೈ ಚಾಚಿ ಅದ್ದಿ ಹುಯ್ದುಕೊಳ್ಳುತ್ತಿದ್ದರು.

ಇಂಥವರ ಮನೆ ನೇತ್ರಾವತಿಯ ದಡದಲ್ಲಿ. ಆಚೆ ದಡದಲ್ಲಿ ಬಂಟ್ವಾಳ ಪೇಟೆ. ಅಲ್ಲಿ ಅಂಗಡಿಯವನು ಗಿರಾಕಿಗೆ ಬೈದರೆ ಇಲ್ಲಿ ನಮ್ಮ ಅಂಗಳಕ್ಕೆ ಕೇಳುತ್ತದೆ. ನಮ್ಮ ಗದ್ದೆಯ ಕೆಳಗೇ ಕಡವು. ದೋಣಿ ಅಬ್ದುಲ್ ಹಕೀಮನದ್ದು. ಹತ್ತಿ ಕೂತು ಒಂದು ವೀಳ್ಯ ಜಗಿದು ಮುಗಿಸುವಾಗ ಪೇಟೆ ಬರುತ್ತದೆ. ಆದರೆ ಮಾವ ಪೇಟೆಗೆ ಹೋಗುವುದು ಪಾಣೆಮಂಗಳೂರಿನ ಸಂಕ ಸುತ್ತಿ, ಸೇತುವೆಯ ಮೇಲಿನಿಂದ, ಮೈಲುಗಟ್ಟಲೆ ನಡೆದು. ಮುಡಿ ತಲೆಯ ಮೇಲಿದ್ದರೂ ಹಾಗೆಯೇ.

ಯಾಕೆ ಅಂತ ಊರಿಗೇ ಗೊತ್ತಿತ್ತು. ನಾನು ಹುಟ್ಟುವ ಎಷ್ಟೋ ವರ್ಷ ಮೊದಲು, ಆಟಿ ತಿಂಗಳ ಜಡಿಮಳೆಯಲ್ಲಿ, ಮಾವ ಮತ್ತು ಅವರ ಅಕ್ಕ ಪೂವಮ್ಮ ಪೇಟೆಯಿಂದ ಬರುವಾಗ ದೋಣಿ ಮಗುಚಿತು. ಹಕೀಂ ಮಾವನ ಜುಟ್ಟು ಹಿಡಿದು ಎಳೆದು ಹಾಕಿದ. ಪೂವಮ್ಮ ದೊಡ್ಡಮ್ಮ ಸಿಕ್ಕಿದ್ದು ಹೊಳೆಯ ಕೆಳಗೆ ತುಂಬೆ ಊರಿನ ಹತ್ತಿರ. ಆಮೇಲೆ ಮಾವನಿಗೂ ಹಕೀಮನಿಗೂ ಮಾತಿಲ್ಲ. ದಾರಿಯಲ್ಲಿ ಎದುರಾದರೆ ಒಬ್ಬರು ತೆಂಗಿನ ಮರ ನೋಡುವುದು, ಇನ್ನೊಬ್ಬರು ಹೊಳೆ ನೋಡುವುದು. ಅಕ್ಕನನ್ನು ಉಳಿಸಲಿಲ್ಲ ಅಂತ ಹಕೀಮನ ಮೇಲೆ ಮಾವನಿಗೆ ಸಿಟ್ಟು ಅಂತ ಊರು ತೀರ್ಮಾನ ಮಾಡಿತು. ಊರಿಗೆ ತೀರ್ಮಾನ ಮಾಡಲಿಕ್ಕೆ ಬೇರೆ ಏನು ಕೆಲಸ ಉಂಟು?

ಐವತ್ತೆಂಟನೇ ಇಸವಿಯಲ್ಲಿ ನನ್ನ ಊರಿನ ಶಾಲೆ ಮುಗಿಯುವುದಕ್ಕೆ ಬಂತು. ಹೈಸ್ಕೂಲು ಇದ್ದದ್ದು ಬಂಟ್ವಾಳದಲ್ಲಿ.

"ಅವಳು ದೋಣಿ ಹತ್ತುವುದು ಬೇಡ" ಅಂದರು ಮಾವ.

"ಹಾಗಾದರೆ ದಿನಾ ಸಂಕ ಸುತ್ತಿ ಹೋಗುವುದಾ? ಗಂಟೆ ಹೊಡೆಯುವಾಗ ಶಾಲೆ ಮುಟ್ಟಬೇಕಾದರೆ ಕೋಳಿ ಕೂಗುವ ಮೊದಲು ಹೊರಡಬೇಕು" ಅಂದರು ಅಮ್ಮ. ಅಮ್ಮನ ಹೆಸರು ಸೇಸಮ್ಮ. ಮಾವನ ಎದುರು ಬಾಯಿ ತೆರೆಯುವ ಧೈರ್ಯ ಇದ್ದದ್ದು ಅವರಿಗೊಬ್ಬರಿಗೆ.

"ಹಾಗಾದರೆ ಓದುವುದು ಬೇಡ."

ನಾನು ಒಲೆಯ ಬುಡದಲ್ಲಿ ಕೂತು ಅತ್ತೆ. ಹೊಗೆ ಅಂತ ಯಾರೂ ತಿಳಿಯಬಾರದು ಅಂತ ಗಟ್ಟಿಯಾಗಿಯೇ ಅತ್ತೆ. ಮಾವ ಕೆಲವು ದಿನ ಒಲೆಯ ಕಡೆ ಬರಲೇ ಇಲ್ಲ. ಮತ್ತೊಂದು ದಿನ ಗಂಜಿ ಉಣ್ಣುತ್ತಾ, ಬಟ್ಟಲಿಗೆ ಹೇಳುವ ಹಾಗೆ ಹೇಳಿದರು: "ಈಜು ಬಂದರೆ ಹತ್ತಲಿ."

ಹೊಳೆಯಲ್ಲಿ ಕಲಿಯುವ ಮಾತೇ ಇಲ್ಲ. ದೇವಸ್ಥಾನದ ಕೆರೆಯಲ್ಲಿ ಗಂಡು ಹುಡುಗರು ದಿನವಿಡೀ ಹಾರುತ್ತಿದ್ದರು. ಹೆಣ್ಣುಮಕ್ಕಳು ಕಾಲು ತೊಳೆದು ಬರಬೇಕು. "ಹಾಗಾದರೆ ಮನೆಯಲ್ಲೇ ಕೆರೆ ಮಾಡುವ" ಅಂದರು ಮಾವ.

ಮನೆಯ ಹಿಂದೆ ದನದ ಹಟ್ಟಿ ಕಟ್ಟಲಿಕ್ಕೆ ಕೆಂಪು ಮುರಕಲ್ಲು ಕಡಿದ ಗುಂಡಿ ಒಂದು ಇತ್ತು. ಕಲ್ಲು ಹಟ್ಟಿಗೆ ಹೋಯಿತು, ಗುಂಡಿ ಬಿಟ್ಟಿ ಸಿಕ್ಕಿತು ಅಂತ ಮಾವನ ವಾದ. ಅದನ್ನೇ ಇನ್ನೂ ಉದ್ದ, ಇನ್ನೂ ಆಳ ಮಾಡಿದರು. ಕಡಿದ ಕಲ್ಲಿನಲ್ಲಿ ಹಿತ್ತಿಲಿನ ಸುತ್ತ ಪಾಗಾರದ ಗೋಡೆ ಎದ್ದಿತು. ಇಳಿಯಲಿಕ್ಕೆ ಕಲ್ಲಿನಲ್ಲೇ ಮೆಟ್ಟಿಲು ಬಿಟ್ಟರು. ಬಾವಿಯಿಂದ ಏತದಲ್ಲಿ ನೀರು ಎತ್ತಿ ತುಂಬಿಸಿದರು. ಸಂಜೆಗೆ ಗುಂಡಿ ತುಂಬಿತು, ಬೆಳಿಗ್ಗೆ ನೋಡಿದರೆ ಒಂದು ಕಪ್ಪೆ ಉಂಟು, ನೀರಿಲ್ಲ.

ಮುರಕಲ್ಲು ನೀರು ಕುಡಿಯುತ್ತದೆ ಅಂತ ನಮ್ಮ ಕಡೆ ಮಗುವಿಗೂ ಗೊತ್ತು. ಮಾವನಿಗೂ ಗೊತ್ತಿತ್ತು. ಕುಡಿದು ಹೊಟ್ಟೆ ತುಂಬಿದರೆ ನಿಲ್ಲಿಸುತ್ತದೆ ಅಂತ ಅವರು ತಿಳಿದಿದ್ದರು. ಮತ್ತೆ ತುಂಬಿಸಿದರು. ಕಲ್ಲು ಮತ್ತೆ ಕುಡಿಯಿತು. "ಅಣ್ಣಾ, ಅದಕ್ಕೆ ಹೊಟ್ಟೆ ಅಂತ ಇಲ್ಲ" ಅಂದರು ಅಮ್ಮ.

ಆಗ ಮಾವ ಗದ್ದೆಯ ಜೇಡಿಮಣ್ಣು ಹೊತ್ತು ತಂದು ಗುಂಡಿಯ ಅಡಿಗೆ ಹಾಕಿದರು. ಅದನ್ನು ನೀರು ಸೋರದ ಹಾಗೆ ತುಳಿಯಲಿಕ್ಕೆ ಮಿಜಾರಿನ ಜತ್ತಪ್ಪಣ್ಣನ ಕೋಣಗಳು ಬಂದವು. ಜತ್ತಪ್ಪಣ್ಣ ಮಾವನ ಸ್ನೇಹಿತ, ಅವನ ಕೋಣಗಳು ಕಂಬಳದಲ್ಲಿ ಓಡುವ ಜಾತಿ. ಕಂಬಳ ಮುಗಿದು ಅವಕ್ಕೆ ಬೇಸಗೆ ರಜೆ. ಕಡವಿನಲ್ಲಿ ಅವು ಹೊಳೆಯನ್ನು ಈಜಿಕೊಂಡೇ ಬಂದವು. ಮಾವ ದಡದಲ್ಲಿ ನಿಂತು, ಮೂಗು ಮೇಲೆತ್ತಿ ಬರುವ ಎರಡು ಕೋಣಗಳನ್ನು ಬಹಳ ಗೌರವದಿಂದ ನೋಡಿದರು.

ಮೆಲ್ಲ ತುಳಿಯಬೇಕಾದದ್ದು ಕೆಲಸ. ಆದರೆ ಕಂಬಳದ ಕೋಣಕ್ಕೆ ಕೆಸರು ಕಂಡರೆ ಒಂದೇ ಗೊತ್ತು. ಇಳಿದವೇ ಓಡಿದವು. ಗುಂಡಿಯಾದರೋ ಓಡಲಿಕ್ಕೆ ಹೊರಡುವಷ್ಟರಲ್ಲಿ ಮುಗಿಯುತ್ತದೆ. ಗೋಡೆಗೆ ಹೋಗಿ ನಿಂತವು, ತಿರುಗಿದವು, ಮತ್ತೆ ಓಡಿದವು. ಜತ್ತಪ್ಪಣ್ಣನ ಮುಖದಲ್ಲಿ ಅಷ್ಟು ಕೆಸರು ನಾನು ಮತ್ತೆ ಯಾರ ಮುಖದಲ್ಲೂ ನೋಡಿಲ್ಲ. ಆದರೆ ಅಡಿ ಗಟ್ಟಿಯಾಯಿತು. ನೀರು ಹಾಕಿದರೆ ನಿಂತಿತು. ನಿಂತ ನೀರಿನಲ್ಲಿ ಕೋಣಗಳೂ ನಿಂತವು, ಏಳಲಿಕ್ಕೆ ಒಪ್ಪಲಿಲ್ಲ. ಊರಿನವರು ಅದಕ್ಕೆ ಕೋಣಗುಂಡಿ ಅಂತ ಹೆಸರಿಟ್ಟರು.

ಈಗ ಕೆರೆ ಉಂಟು, ನೀರು ಉಂಟು. ಮನೆಯಲ್ಲಿ ಈಜು ಬರುವವರು ಯಾರೂ ಇಲ್ಲ. ಅದನ್ನು ಅಷ್ಟು ದಿನ ಯಾರೂ ಯೋಚನೆ ಮಾಡಿರಲಿಲ್ಲ ಮಾರಾಯ್ರೇ!

ಮಾವನೇ ಕಲಿಸಲಿಕ್ಕೆ ನಿಂತರು. ನಿಂತದ್ದು ಮೇಲೆ, ದಂಡೆಯಲ್ಲಿ, ಕೈಯಲ್ಲಿ ಉದ್ದದ ಬಿದಿರು. ಸಿಪ್ಪೆ ಸುಲಿಯದ ಎರಡು ಒಣಕಾಯಿಗಳನ್ನು ಜೋಡಿ ಕಟ್ಟಿ ನನ್ನ ಎದೆಯ ಅಡಿಗೆ ಕೊಟ್ಟರು. ನಮ್ಮ ಕಡೆ ಈಜು ಕಲಿಯುವ ಮಕ್ಕಳಿಗೆಲ್ಲ ಅದೇ ಆಧಾರ. ಪಾಠ ಕೋಣಗಳಿಂದ ಕಲಿತದ್ದು: "ಮೂಗು ಮೇಲೆ! ಉಳಿದದ್ದು ಕೆಳಗೆ!" ಮತ್ತೆ ನಿಮಿಷಕ್ಕೊಮ್ಮೆ, "ಕಾಯಿ ಕೈ ಬಿಡಬೇಡ!" ನಾನು ಬಿಡಲಿಲ್ಲ. ಎಪ್ರಿಲ್ ಪೂರ್ತಿ ನಾನು ತೇಲಿದೆ. ಅದರಲ್ಲಿ ಕಾಯಿಗಳ ಪಾಲು ಎಷ್ಟು, ನನ್ನ ಪಾಲು ಎಷ್ಟು ಅಂತ ಅಮ್ಮನಿಗೆ ಕಾಣುತ್ತಿತ್ತು.

ಶಾಲೆ ಶುರುವಾಗುವ ದಿನ ಹತ್ತಿರ ಬಂತು. ಅಮ್ಮ ಯಾರನ್ನೂ ಕೇಳದೆ ಕಡವಿಗೆ ಹೋಗಿ ಹಕೀಮನ ಹೆಂಡತಿ ಸಾಲಿಹಕ್ಕನನ್ನು ಕರೆದುಕೊಂಡು ಬಂದರು. ಹೊಳೆಯ ಬದಿಯಲ್ಲೇ ಹುಟ್ಟಿ ಬೆಳೆದ ಹೆಂಗಸು, ನಡೆಯುವ ಮೊದಲು ಈಜಿದವಳು. ಅವಳು ಹಿತ್ತಿಲಿಗೆ ಕಾಲಿಟ್ಟದ್ದೇ ಮಾವ ಬಿದಿರು ಒರಗಿಸಿ, ಗದ್ದೆ ನೋಡಿ ಬರುತ್ತೇನೆ ಅಂತ ಹೋದರು. ಕೊಯ್ಲು ಮುಗಿದ ಗದ್ದೆ. ಸ್ವಲ್ಪ ಹೊತ್ತಿಗೆ ನೋಡಿದರೆ ತೆಂಗಿನ ಮರದ ಹಿಂದೆ ಅವರ ಪಂಚೆಯ ಅಂಚು ಕಾಣುತ್ತಿತ್ತು.

ಸಾಲಿಹಕ್ಕ ಉಟ್ಟ ಬಟ್ಟೆಯಲ್ಲೇ ನೀರಿಗಿಳಿದು ಮೊದಲು ಕಾಯಿಯ ಜೋಡಿಯನ್ನು ಎಳೆದು ದಂಡೆಗೆ ಎಸೆದಳು. "ಕಾಯಿಗೆ ಈಜು ಬಂತು. ಇನ್ನು ನಿನಗೆ ಬರಲಿ." ನನ್ನ ಹೊಟ್ಟೆಯ ಅಡಿಗೆ ಅಂಗೈ ಕೊಟ್ಟು ನಡುವಿಗೆ ಒಯ್ದಳು. ನಾನು ಅವಳ ಕುತ್ತಿಗೆಗೆ ಜೋತುಬಿದ್ದೆ.

"ಕೈ ಬಿಡು" ಅಂದಳು ಸಾಲಿಹಕ್ಕ.

"ಕೈ ಬಿಡಬೇಡ!" ಅಂತ ತೆಂಗಿನ ಮರ ಕೂಗಿತು.

ಕೆಲವು ದಿನ ಹೀಗೇ ನಡೆಯಿತು. ಒಬ್ಬರು ಬಿಡು ಅನ್ನುವುದು, ಒಬ್ಬರು ಬೇಡ ಅನ್ನುವುದು, ನಡುವೆ ನಾನು ನೀರು ಕುಡಿಯುವುದು. ಒಂದು ದಿನ ಸ್ವಲ್ಪ ಹೆಚ್ಚೇ ಕುಡಿದೆ. ಕೆಮ್ಮುತ್ತಾ ಮೆಟ್ಟಿಲಿನ ಕಡೆ ಕೈ ಬಡಿಯುವಾಗ ಯಾರೋ ನನ್ನ ಮಣಿಕಟ್ಟು ಹಿಡಿದರು. ನೋಡಿದರೆ ಮಾವ! ಸೊಂಟದವರೆಗೆ ನೀರಿನಲ್ಲಿದ್ದರು. ಹಿಡಿದ ಹಿಡಿತಕ್ಕೆ ನನ್ನ ಬಳೆ ಒಡೆಯಿತು.

"ಅಣ್ಣಾ, ಅವಳು ಸರಿ ಇದ್ದಾಳೆ, ಕೈ ಬಿಡಿ" ಅಂದಳು ಸಾಲಿಹಕ್ಕ. ಮಾವ ಬಿಡಲಿಲ್ಲ.

"ಹೀಗೆ ಹಿಡಿದರೆ ಇಬ್ಬರೂ ಹೋಗುತ್ತೀರಿ. ಬಿಡಿ ಅಣ್ಣಾ."

"ಒಮ್ಮೆ ಬಿಟ್ಟಿದ್ದೇನೆ" ಅಂದರು ಮಾವ, ನೀರು ನೋಡಿಕೊಂಡು. "ಅಕ್ಕನ ಕೈ ನನ್ನ ಕೈಯಲ್ಲಿತ್ತು. ನಿನ್ನ ಗಂಡ ನನ್ನನ್ನು ಎಳೆಯುವಾಗ ಬಿಟ್ಟುಬಿಟ್ಟೆ. ಅವನು ನೋಡಿದ್ದಾನೆ. ಯಾವ ಮುಖ ಇಟ್ಟುಕೊಂಡು ಅವನ ದೋಣಿ ಹತ್ತಲಿ?"

ಬಟ್ಟೆ ಒಗೆಯುತ್ತಿದ್ದ ಅಮ್ಮನ ಕೈ ನಿಂತಿತು. ಅಷ್ಟು ವರ್ಷ ಒಂದೇ ಮನೆಯಲ್ಲಿ ಉಂಡವರು, ಅವರಿಗೂ ಇದು ಗೊತ್ತಿರಲಿಲ್ಲ. ಮಾವನದ್ದು ಸಿಟ್ಟಲ್ಲ, ನಾಚಿಕೆ. ನನಗೆ ಮಾವನ ಮೇಲೆ ಇದ್ದ ಕೋಪವೆಲ್ಲ ಆ ಹೊತ್ತಿಗೆ ಹೋಯಿತು. ಸಾಲಿಹಕ್ಕ ಮಾವನ ಬೆರಳುಗಳನ್ನು ನನ್ನ ಕೈಯಿಂದ ಮೆಲ್ಲ ಬಿಡಿಸಿ, ನನ್ನನ್ನು ಮತ್ತೆ ನಡುವಿಗೆ ಒಯ್ದಳು. ಆ ದಿನದ ಮೇಲೆ ತೆಂಗಿನ ಮರ ಕೂಗಲಿಲ್ಲ.

ಮೇ ಮುಗಿಯುವ ಮೊದಲು ನಾನು ಆ ತುದಿಯಿಂದ ಈ ತುದಿಗೆ, ಕಾಲು ನೆಲಕ್ಕೆ ತಾಗಿಸದೆ, ಹೋಗಿ ಬಂದೆ. ಮಾವ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದರು. "ಕೋಣದಷ್ಟು ಚಂದ ಇಲ್ಲ. ಆದರೆ ಸಾಕು" ಅಂದರು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಮುಂದೆ ಅರುವತ್ತರ ನಂತರ ಊರಿನ ಎಷ್ಟೋ ಹೆಣ್ಣುಮಕ್ಕಳು ಅದೇ ಗುಂಡಿಯಲ್ಲಿ ಸಾಲಿಹಕ್ಕನ ಕೈಯಲ್ಲಿ ಈಜು ಕಲಿತರು. ಮಾವ ಪ್ರತಿ ಬೇಸಗೆಯಲ್ಲೂ ಅಡಿಗೆ ಹೊಸ ಮಣ್ಣು ಹಾಕಿ ತುಳಿಸುತ್ತಿದ್ದರು. ತಾವು ಮಾತ್ರ ಕೊನೆವರೆಗೂ ಕಲಿಯಲಿಲ್ಲ.

ಶಾಲೆ ಶುರುವಾದ ದಿನ ಜೋರು ಮಳೆ ಬಂದು ಬಿಟ್ಟಿತ್ತು. ಹೊಳೆ ಕೆಂಪಾಗಿ, ದಡ ಮುಟ್ಟಿ ಹೋಗುತ್ತಿತ್ತು. ಹೆಸರು ಸೇರಿಸಲಿಕ್ಕೆ ಮನೆಯ ಯಜಮಾನರೇ ಬರಬೇಕು ಅಂತ ಶಾಲೆಯವರು ಹೇಳಿದ್ದರು. ಮಾವ ಸಂಕ ಸುತ್ತಿ ಬರುತ್ತಾರೆ, ನಾನು ದೋಣಿಯಲ್ಲಿ ಹೋಗುತ್ತೇನೆ ಅಂತ ಅಮ್ಮ ತಿಳಿದಿದ್ದರು. ಮಾವ ಒಳಗಿನಿಂದ ಹೊರಗೆ ಬಂದರು. ಇಸ್ತ್ರಿ ಹಾಕಿದ ಅಂಗಿ, ಅಂಗಿಯ ಮೇಲೆ ಎದೆಗೆ ಬಿಗಿದು ಕಟ್ಟಿದ ಎರಡು ಒಣಕಾಯಿ.

"ಅಣ್ಣಾ, ಇದೆಂಥದು!" ಅಂದರು ಅಮ್ಮ.

"ಈಜು ಬಂದದ್ದು ಅವಳಿಗೆ. ನನಗಲ್ಲ" ಅಂದರು ಮಾವ.

ಕಡವಿಗೆ ಬಂದು ಮಾವ ದೋಣಿ ಹತ್ತಿದರು; ಅದರಲ್ಲಿದ್ದವರು ನಕ್ಕರು. ಹಕೀಂ ಹುಟ್ಟು ನಿಲ್ಲಿಸಿ, "ನಗುವವರು ಇಳಿದು ಈಜಿಕೊಂಡು ಬನ್ನಿ" ಅಂದ. ನಗು ನಿಂತಿತು. ಮಾವ ನನ್ನ ಪಕ್ಕ ಕೂತು ನನ್ನ ಮಣಿಕಟ್ಟು ಹಿಡಿದರು. ಅದೇ ಹಿಡಿತ. ಕಣ್ಣು ಮುಚ್ಚಿದ್ದರು.

ನಡು ಹೊಳೆ ಬಂದಾಗ ಹಕೀಂ ನೀರು ನೋಡಿಕೊಂಡೇ ಮಾತಾಡಿದ.

"ಕುಶಾಲಣ್ಣ, ಸಾಲಿಹಾ ಹೇಳಿದಳು. ನೀವು ತಿಳಿದ ಹಾಗೆ ಅಲ್ಲ. ನನ್ನಿಂದ ಇಬ್ಬರನ್ನು ಎಳೆಯಲಿಕ್ಕೆ ಆಗಲಿಲ್ಲ. ನೀವು ಅಕ್ಕನ ಕೈ ಬಿಟ್ಟದ್ದಲ್ಲ. ಅಕ್ಕನೇ ನಿಮ್ಮ ಬೆರಳು ಬಿಡಿಸಿದರು. ಒಂದೊಂದಾಗಿ. ನಾನು ನೋಡಿದ್ದೇನೆ."

ಮಾವ ಕಣ್ಣು ತೆರೆದರು.

"ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನೀವು ನನ್ನ ಮುಖ ನೋಡಿದರೆ ಅಲ್ಲವಾ ಹೇಳುವುದು? ನಿಮ್ಮನ್ನು ಎಳೆದೆ, ಅವರನ್ನು ಎಳೆಯಲಿಲ್ಲ ಅಂತ ನನ್ನ ಮೇಲೆ ಸಿಟ್ಟು ಅಂತ ತಿಳಿದೆ."

ಹಕೀಂ ಹುಟ್ಟು ಹಾಕುತ್ತಾ ಹೋದ. ಮಾವನ ಮುಖದಲ್ಲಿ ಇದ್ದದ್ದು ಮಳೆಯ ನೀರೇ ಅಂತ ಹೇಳಬಹುದಿತ್ತು, ಆದರೆ ಆಗ ಮಳೆ ಬಿಟ್ಟಿತ್ತು. ನನಗೂ ಅಳು ಬಂತು, ಅತ್ತೆ. ದಡಕ್ಕೆ ಇನ್ನೂ ಅರ್ಧ ಹೊಳೆ ಇರುವಾಗ ಮಾವ ನನ್ನ ಕೈ ಬಿಟ್ಟರು.

ಕಾಯಿ ಬಿಚ್ಚಲಿಕ್ಕೆ ಅವರಿಗೆ ಮರೆತೇ ಹೋಯಿತು. ಹಾಗೆಯೇ ಪೇಟೆ ದಾಟಿ ಶಾಲೆಗೆ ಬಂದರು. ಹೆಡ್‌ಮಾಸ್ಟರು ಬಹಳ ಹೊತ್ತು ನೋಡಿ, "ಇದು ಯಾತಕ್ಕೆ?" ಅಂತ ಕೇಳಿದರು.

"ವಾಪಸು ಹೋಗಲಿಕ್ಕುಂಟಲ್ಲ, ದೋಣಿಯಲ್ಲಿ" ಅಂದರು ಮಾವ. ಊರು ಹೇಳುವ ಕಥೆ ಇಲ್ಲಿಗೆ ಮುಗಿಯುತ್ತದೆ.

ಸಂಜೆ ಶಾಲೆ ಬಿಟ್ಟು ನಾನು ಕಡವಿಗೆ ಬಂದೆ. ಮಾವ ಮನೆಗೆ ಹೋಗಿರಲಿಲ್ಲ. ಬೆಳಗ್ಗಿನಿಂದ ಹಕೀಮನ ಜೊತೆ ಆ ದಡಕ್ಕೂ ಈ ದಡಕ್ಕೂ ಹೋಗಿ ಬಂದು ಮಾಡುತ್ತಿದ್ದರಂತೆ. ಇಬ್ಬರೂ ದೋಣಿಯಲ್ಲಿ ಕೂತು ಒಂದೇ ತಟ್ಟೆಯಿಂದ ವೀಳ್ಯ ಹಾಕುತ್ತಿದ್ದರು. ಕಾಯಿಗಳು ದೋಣಿಯ ಮೂಲೆಯಲ್ಲಿ ಉರುಳುತ್ತಿದ್ದವು. ನೀರು ಬೆಳಗ್ಗಿಗಿಂತ ಏರಿತ್ತು, ದೋಣಿ ಆಡುತ್ತಿತ್ತು.

"ಹತ್ತು" ಅಂದರು ಮಾವ. ಕೈ ಕೊಡಲಿಲ್ಲ. ನಾನೇ ಹತ್ತಿದೆ.