ಯುದ್ಧನೌಕೆಗೆ ಬರಿಗಾಲಲ್ಲಿ

ಸೋದರತ್ತೆಯ ನೀಲಿ ಹವಾಯಿ ಚಪ್ಪಲಿಗಳು ಏಣಿಯ ಬುಡದಲ್ಲಿ ಜೋಡಿಯಾಗಿ ಕುಳಿತಿದ್ದವು. ಕಾರವಾರದ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಈ ಯುದ್ಧನೌಕೆಯಲ್ಲಿ, ತೀರಿಕೊಂಡ ಮಾವ ಒಂದು ಕಾಲಕ್ಕೆ ಅಡುಗೆ ಮಾಡುತ್ತಿದ್ದರು. ಅವರು ಮಲಗುತ್ತಿದ್ದ ಜಾಗ ನೋಡಬೇಕೆಂದೇ ಅತ್ತೆ ಹೊನ್ನಾಳಿಯಿಂದ ನನ್ನನ್ನು ಕರೆತಂದಿದ್ದರು.

"ಇದು ಗುಡಿಯಲ್ಲ ಅಮ್ಮಾ, ಕಬ್ಬಿಣ ಕಾಲು ಸುಡ್ತದೆ," ಎಂದ ಕಾವಲುಗಾರ.

"ಸುಟ್ರೆ ಸುಡ್ಲಿ ಬಿಡ್ರಿ. ನಮ್ಮ ಯಜಮಾನ್ರು ಉಂಡು ಮಲಗಿದ ಮನೆ ಇದು. ಚಪ್ಪಲಿ ಹಾಕ್ಕೊಂಡು ಹೆಂಗೆ ಬರಾಕೆ ಆಗ್ತೈತೆ?"

ಮಲಗುವ ಕೋಣೆಗೆ ಆಗಷ್ಟೇ ಬಣ್ಣ ಬಳಿದಿದ್ದರು. ನಾಳೆ ಬನ್ನಿ ಎಂದ ಕಾವಲುಗಾರ. ನಮ್ಮ ಬಸ್ಸು ಅದೇ ಸಂಜೆಗಿತ್ತು. ಅತ್ತೆ ಮುಚ್ಚಿದ ಬಾಗಿಲನ್ನು ಒಮ್ಮೆ ಮುಟ್ಟಿದರು. ನಾನು ಟಿಕೆಟ್ ರದ್ದು ಮಾಡಿದೆ.

ಮರುದಿನ ಬೆಳಿಗ್ಗೆ, ಅವರ ಚಪ್ಪಲಿಯ ಪಕ್ಕದಲ್ಲಿ ನನ್ನವನ್ನೂ ಬಿಟ್ಟು ಏಣಿ ಹತ್ತಿದೆ.