ನ್ಯೂರೆಂಬರ್ಗಿನ ಊಟಕ್ಕೆ ಕೈ ಹಚ್ಚದ ಗೆಳೆಯ

"ಒಂದು ವರ್ಷದ ಮಟ್ಟಿಗೆ ನಿಮ್ಮ ಗೆಳೆಯರನ್ನು ನನಗೆ ಬಿಟ್ಟುಕೊಡಿ" ಎಂದರು ಜರ್ಮನ್ ಅಂಗಡಿಯ ಒಡತಿ. ಎರವಲಿಗೆ ಎಮ್ಮೆಯನ್ನು ಕೇಳಿದ ಹಾಗೆ ಕೇಳುತ್ತಾರಲ್ಲ ಎಂದು ಮೊದಲು ನಗು ಬಂತು. ಆಮೇಲೆ ಅವರು ತಮಾಷೆಗೆ ಕೇಳಿದ್ದಲ್ಲ ಎಂದು ತಿಳಿಯಿತು.

ನಾನೂ ಗೆಳೆಯನೂ ಬೀದರದಿಂದ ನ್ಯೂರೆಂಬರ್ಗಿನ ಕರಕುಶಲ ಮೇಳಕ್ಕೆ ಬಂದಿದ್ದೆವು. ಅವನು ಬಿದ್ರಿ ಉಸ್ತಾದ, ಕಪ್ಪು ಲೋಹದಲ್ಲಿ ಬೆಳ್ಳಿ ತಂತಿ ಕೂರಿಸುವವನು. ನಾನು ಅವನ ಸಾಮಾನು ಮಾರುವವನು. ಮಿಷನ್ ಸಾಲೆಯಲ್ಲಿ ಇಬ್ಬರಿಗೂ ಒಂದೇ ಬೆಂಚು. ಅಲ್ಲಿ ನಾನು ಇಂಗ್ಲಿಷ್ ಕಲಿತೆ, ಅವನು ಬೆಂಚಿನ ಮೇಲೆ ಹೂಬಳ್ಳಿ ಕೆತ್ತಿದ. ಏಟು ಮಾತ್ರ ಸಮಸಮ ತಿಂದೆವು. ಈಗಲೂ ದಿನಾ ಸಂಜೆ ಅವನ ಕಾರ್ಖಾನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಊರಿನವರನ್ನೆಲ್ಲ ಆಡಿಕೊಳ್ಳದೆ ನನ್ನ ದಿನ ಮುಗಿಯುವುದಿಲ್ಲ. ಈ ಒಡತಿ ಅವನನ್ನು ತಮ್ಮ ಕಮ್ಮಟದಲ್ಲಿ ಕೂರಿಸಿಕೊಂಡು, ಅಲ್ಲಿನ ಅಕ್ಕಸಾಲಿಗರಿಗೆ ಅವನಿಂದ ಕೆಲಸ ಕಲಿಸಿಕೊಡಿಸಬೇಕೆನ್ನುತ್ತಿದ್ದರು. ಅವನಿಲ್ಲದ ಬೀದರದಲ್ಲಿ ಒಂದು ವರ್ಷ ನಾನು ಯಾರ ಜೊತೆ ಜಗಳಾಡಲಿ? ಅವನು ಹೋಗುವುದು ನನಗೆ ಸುತಾರಾಂ ಬೇಡವಾಗಿತ್ತು.

"ಇವತ್ತು ಸಂಜೆ ಊರು ತೋರಿಸಿ, ಊಟಕ್ಕೆ ಕೂತಾಗ ನಾನೇ ಕೇಳುತ್ತೇನೆ. ನೀವು ಅನುವಾದ ಮಾಡಿದರೆ ಸಾಕು" ಎಂದರು ಒಡತಿ.

ನಮ್ಮಲ್ಲಿ ಉಂಡೂ ಹೋದ ಕೊಂಡೂ ಹೋದ ಎನ್ನುತ್ತಾರೆ. ಇವರು ಉಣಿಸಿ ಕೊಂಡು ಹೋಗುವ ಪೈಕಿ ಎಂದುಕೊಂಡೆ.

ಸಂಜೆ ಮೊದಲು ಒಂದು ದೊಡ್ಡ ಚರ್ಚು. ನಾನು ಮೆಥಡಿಸ್ಟ್ ಕುಟುಂಬದವನು, ಯುರೋಪಿನ ಚರ್ಚೆಂದರೆ ಅಜ್ಜಿಯ ತವರುಮನೆ ಇದ್ದ ಹಾಗೆ ಎಂಬ ಗತ್ತಿನಲ್ಲಿ ಒಳಗೆ ನುಗ್ಗಿದೆ. ಬಾಗಿಲು ಮುಚ್ಚುವ ಹೊತ್ತಾಗಿದೆ ಎಂದು ಕಾವಲಿನವನು ನನ್ನನ್ನು ಮೆಲ್ಲಗೆ ಹೊರಗೆ ಕಳಿಸಿದ. ಗೆಳೆಯನಿಗೆ ಎಲ್ಲಿಲ್ಲದ ಖುಷಿ. "ನಿಮ್ಮ ಮಂದಿನೇ ನಿನ್ನ ಒಳಗ ಬಿಡವಲ್ರು, ಯಾರ್" ಎಂದ.

ಅಲ್ಲಿಂದ ಗುಡ್ಡದ ಮೇಲಿನ ಕೋಟೆಗೆ ಹತ್ತಿದೆವು. ಕೆಳಗೆ ಕೆಂಪು ಹಂಚಿನ ಮಾಡುಗಳು, ಒಂದೊಂದಾಗಿ ಹತ್ತುತ್ತಿದ್ದ ದೀಪಗಳು. ಒಡತಿ ರಾಜರ ಕಥೆ ಹೇಳುತ್ತಿದ್ದರು, ನಾನು ಅದನ್ನು ಕನ್ನಡಕ್ಕೆ ತರುತ್ತಿದ್ದೆ. ಒಂದಿಬ್ಬರು ರಾಜರನ್ನು ನಾನೇ ಹೆಚ್ಚಿಗೆ ಸೇರಿಸಿದೆ. ಗೆಳೆಯನ ಕಣ್ಣು ಮಾತ್ರ ಗೋಡೆಯ ಬುಡದ ಮೇಲಿತ್ತು. ನನಗೆ ತಿಳಿಯಿತು. ಬೀದರದ ಕೋಟೆಯೊಳಗಿನ ಹಳೆ ಮಣ್ಣನ್ನು ನವಸಾಗರವೆಂಬ ಉಪ್ಪಿನ ಜೊತೆ ನೀರಿನಲ್ಲಿ ಕುದಿಸಿಯೇ ಬಿದ್ರಿಗೆ ಕಪ್ಪು ಬರಿಸುವುದು, ಮಣ್ಣು ತಕ್ಕದ್ದೋ ಅಲ್ಲವೋ ಎಂದು ಉಸ್ತಾದರು ನಾಲಗೆಗೆ ಹಚ್ಚಿ ನೋಡುತ್ತಾರೆ. ನಾನು ಬೇಡವೆನ್ನುವುದರೊಳಗೆ ಅವನು ಮಳೆ ತಾಗದ ಮೂಲೆಯಿಂದ ಒಂದು ಚಿಟಿಕೆ ಕೆರೆದು ಬಾಯಿಗೆ ಹಾಕಿಕೊಂಡಿದ್ದ. ಅಲ್ಲೇ ನಿಂತಿದ್ದ ಪ್ರವಾಸಿ ಹೆಂಗಸೊಬ್ಬಳು ಅಯ್ಯೋ ಪಾಪ ಎನ್ನುವ ಮುಖ ಮಾಡಿ ಚೀಲದಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ಅವನ ಮುಂದೆ ಹಿಡಿದಳು.

ನನಗೆ ಬಿಸ್ಕತ್ತಿನ ಕಡೆ ಲಕ್ಷ್ಯವಿರಲಿಲ್ಲ. "ಹ್ಯಾಂಗದ?" ಎಂದು ಕೇಳಿದೆ.

"ಸಪ್ಪಗದ. ಏನೂ ಕೆಲಸದ್ದಲ್ಲ."

ಸ್ವರ್ಗಕ್ಕೆ ಮೂರೇ ಗೇಣು! ಮಣ್ಣೇ ಸರಿಯಿಲ್ಲದ ಊರಿನಲ್ಲಿ ಇವನಿಗೇನು ಕೆಲಸ ಎಂದು ಹಿಗ್ಗಿದೆ. ಆಗ ಅವನು ಕೈ ಒರೆಸಿಕೊಳ್ಳುತ್ತ, "ಇಲ್ಲಿ ಕೆಲಸ ಮಾಡ್ಬೇಕಂದ್ರ ಊರಿಂದ ಒಂದು ಚೀಲ ಮಣ್ಣು ತರ್ಸ್ಬೇಕಾಗ್ತದ" ಎಂದ. ಒಡತಿಯ ಯೋಚನೆಯ ವಾಸನೆ ಇವನಿಗೆ ಬಡಿದಿದೆ ಎಂದು ಗೊತ್ತಾಯಿತು. ಇಳಿಯುವಾಗ ನಾನು ಯಾವ ರಾಜನನ್ನೂ ಸೇರಿಸಲಿಲ್ಲ.

ಊಟ ಒಂದು ನೆಲಮಾಳಿಗೆಯಲ್ಲಿ. ಕಲ್ಲಿನ ಕಮಾನು, ಉದ್ದುದ್ದ ಮರದ ಮೇಜು, ನಮ್ಮ ಮದುವೆಮನೆಯಷ್ಟೇ ಗದ್ದಲ. ಹಂದಿ ಮುಟ್ಟದ ಗೆಳೆಯನಿಗೆಂದು ಒಡತಿ ಮುಂಚೆಯೇ ಹೇಳಿ ಕೆರೆ ಮೀನು ಮಾಡಿಸಿದ್ದರು, ಹಿಟ್ಟು ಹಚ್ಚಿ ಗರಿಗರಿ ಕರಿದದ್ದು, ತಟ್ಟೆಯಂಚಿನ ಹೊರಗೆ ಬಾಲ ಚಾಚಿತ್ತು. ನನಗೆ ಬೆರಳುದ್ದದ ಹಂದಿಯ ಸಾಸೇಜು, ಆಲೂಗಡ್ಡೆಯ ಉಂಡೆ. ನಾನು ಶುರುಮಾಡಿದೆ. ಅವನು ಕೈಕಟ್ಟಿ ಕೂತ.

"ಮೀನು ಹಿಡಿಸಲಿಲ್ಲವೇ?" ಎಂದರು ಒಡತಿ. ಅವನು ನಕ್ಕು ತಲೆಯಾಡಿಸಿದ. ಅವರು ಸೂಪು ತರಿಸಿದರು. ಮುಟ್ಟಲಿಲ್ಲ. ಬ್ರೆಡ್ಡು ಬಂತು. ಅದನ್ನೂ ಮುಟ್ಟಲಿಲ್ಲ. ನೀರು ಮಾತ್ರ ಗಟಗಟ ಕುಡಿದ.

"ಯಾಕೋ, ಉಪವಾಸ ಏನು?" ಎಂದು ಮೆಲ್ಲಗೆ ಕೇಳಿದೆ.

"ಖಿಲ್ಲಾ ತೋರಿಸಿ ಮೀನ ತಿನ್ನಿಸ್ತಾರಂದ್ರ ಸುಮ್ಮನ ಏನು? ಈ ಅಮ್ಮನ ಮನಸ್ಸಿನಾಗ ಏನೋ ಅದ. ಮಾತು ಪಕ್ಕಾ ಆಗೋ ತನಕ ನಾ ಉಣ್ಣಂಗಿಲ್ಲ."

ಆಗ ಹೊಳೆಯಿತು. ನಮ್ಮ ಕಡೆ ಹೆಣ್ಣು ನೋಡಲು ಹೋದವರು ಚಹಾ ಕುಡಿಯುತ್ತಾರೆ, ನೀರು ಕುಡಿಯುತ್ತಾರೆ, ಆದರೆ ಮಾತು ಕೂಡುವ ತನಕ ಆ ಮನೆಯ ಊಟಕ್ಕೆ ಕೈ ಹಚ್ಚುವುದಿಲ್ಲ. ಉಂಡರೆ ಒಪ್ಪಿದಂತೆ. ಭಾಲ್ಕಿಯಲ್ಲಿ ನನ್ನ ಸೋದರಮಾವ ಹಸಿವು ತಾಳದೆ ಒಂದು ಹೋಳಿಗೆ ತಿಂದು ಮದುವೆಯಾದವನು. ಈ ಗೆಳೆಯನ ಮದುವೆಯ ಕಥೆಯಂತೂ ನನ್ನದೇ ಪ್ರತಾಪ. ಔರಾದಿಗೆ ಹೆಣ್ಣು ನೋಡಲು ಜೊತೆಗೆ ಹೋಗಿದ್ದೆ. ಒಳಗೆ ಹಿರಿಯರ ಚೌಕಾಶಿ ನಡೆದಿತ್ತು, ಹೊರಗೆ ಮಸಾಲೆ ಹಾಕಿದ ಬಗಾರಾ ಅನ್ನದ ವಾಸನೆ. ನಾನು ಎರಡನೆಯ ಸಲ ನೀಡಿಸಿಕೊಳ್ಳುವಾಗ ಹೆಣ್ಣಿನ ತಂದೆ ಇಣುಕಿ ನೋಡಿ "ಮುಬಾರಕ್!" ಎಂದು ಕೂಗಿಬಿಟ್ಟರು. ಅಲ್ಲಿಗೆ ಮುಗಿಯಿತು.

ಸರಿ, ಇವನು ಉಣ್ಣದಿದ್ದರೆ ಒಪ್ಪಿಲ್ಲ ಎಂದೇ ಲೆಕ್ಕ. ನನಗೆ ಹಸಿವು ಇಮ್ಮಡಿಯಾಯಿತು. ಅನ್ನ ಹಾಳು ಮಾಡಬಾರದೆಂಬ ನೆಪದಲ್ಲಿ ಅವನ ಮೀನನ್ನೂ ನನ್ನ ಕಡೆ ಎಳೆದುಕೊಂಡೆ.

ಕೊನೆಗೆ ಒಡತಿ ಕೇಳಿಯೇಬಿಟ್ಟರು. ಒಂದು ವರ್ಷ, ಇರಲು ಮನೆ, ಮಧ್ಯದಲ್ಲಿ ಒಮ್ಮೆ ಊರಿಗೆ ಹೋಗಿಬರುವ ಖರ್ಚು. ಚಳಿಗಾಲದಲ್ಲಿ ಇಲ್ಲಿ ಮಧ್ಯಾಹ್ನವೇ ಕತ್ತಲಾಗುತ್ತದೆ ಎಂದು ಒಂದು ಮಾತು ಸೇರಿಸಲು ನಾಲಗೆ ತುರಿಸಿತು. ಆದರೂ ಒಂದಕ್ಷರ ಕೂಡಿಸದೆ, ಕಳೆಯದೆ ಹೇಳಿದೆ. ಗೆಳೆಯನಿಗೆ ರಾಜರ ವಿಷಯದಲ್ಲಿ ಸುಳ್ಳು ಹೇಳಬಹುದು, ಇದರಲ್ಲಿ ಆಗಲಿಲ್ಲ.

ಅವನು ಎದ್ದು ಫೋನು ಹಿಡಿದು ಮೆಟ್ಟಿಲು ಹತ್ತಿ ಹೋದ. ಬರುವಷ್ಟರಲ್ಲಿ ಮೇಜಿನ ಮೇಲೆ ಸೇಬು ತುಂಬಿದ ಬಿಸಿ ಸಿಹಿ ಬಂದಿತ್ತು. ನಾನು ಚಮಚ ಎತ್ತಿಕೊಂಡಿದ್ದೆ.

"ಮನ್ಯಾಗ ಹೆಂಡ್ತಿಗಿ ಕೇಳ್ದೆ" ಎಂದ ಕೂರುತ್ತ. "ನಿದ್ದಿ ಕೆಡಿಸಿದ್ರಿ ಅಂತ ಬೈದ್ಲು. ಆಮ್ಯಾಲ ಹೋಗ್ರಿ ಅಂದ್ಲು."

"ನೀ ಏನಂತಿ?"

"ನಾ ಮಾಡಿದ ಹೂದಾನಿ ದುನಿಯಾ ತಿರುಗ್ಯಾವ. ಈ ಮೇಳ ಬಿಟ್ರ ನಾ ಔರಾದ ದಾಟಿ ಎಲ್ಲಿ ಹೋಗೀನಿ?"

ಅವನು ತನ್ನ ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಸಿಹಿಯನ್ನು ಬೆರಳಿಂದ ಮುರಿದು ಬಾಯಿಗೆ ಹಾಕಿಕೊಂಡ. ನಿಧಾನವಾಗಿ ಅಗಿದ. ಒಡತಿಗೆ ಏನೂ ತಿಳಿಯಲಿಲ್ಲ. "ಸದ್ಯ, ಇದಾದರೂ ಹಿಡಿಸಿತಲ್ಲ" ಎಂದು ಸಮಾಧಾನಪಟ್ಟು, "ಯೋಚಿಸಲು ಸಮಯ ಬೇಕಾದರೆ ತೆಗೆದುಕೊಳ್ಳಲಿ" ಎಂದರು. ಅವನು ಉತ್ತರ ಕೊಟ್ಟಾಗಿದೆ ಎಂಬುದು ಅಷ್ಟು ಜನರಿದ್ದ ಆ ನೆಲಮಾಳಿಗೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಸಿಟ್ಟು ಬಂತು. ಅಳುವೂ ಬಂತು. ಎಲ್ಲ ಬಿಟ್ಟು ಈ ವಯಸ್ಸಿನಲ್ಲಿ ನನ್ನನ್ನು ಒಂಟಿ ಮಾಡುತ್ತಾನಲ್ಲ ಎನಿಸಿತು.

ಅವನು ಉಳಿದ ಅರ್ಧವನ್ನು ನನ್ನ ಕಡೆ ತಳ್ಳಿದ. "ತಿನ್ನು."

"ನಕ್ಕೋ, ಬ್ಯಾಡ. ಹೊಟ್ಟಿ ತುಂಬ್ಯಾದ."

"ನನ್ನ ಮೀನ ನುಂಗುವಾಗ ತುಂಬಿರಲಿಲ್ಲೇನು? ತಿನ್ನು, ಯಾರ್. ನೀ ತಿನ್ನದ ಹೊರತು ನಾ ಬರಂಗಿಲ್ಲಂತ ಈ ಅಮ್ಮಗ ಹೇಳಿಬಿಡು."

ಅವನು ನಗುತ್ತಿರಲಿಲ್ಲ. ನಾನು ಚಮಚ ಕೆಳಗಿಟ್ಟರೆ ಸಾಕಿತ್ತು, ಮರುದಿನ ಇಬ್ಬರೂ ಒಂದೇ ವಿಮಾನದಲ್ಲಿ ಕೂತು, ಸಾಯುವ ತನಕ ಅದೇ ಕಟ್ಟೆಯ ಮೇಲೆ ಚಹಾ ಕುಡಿಯಬಹುದಿತ್ತು. ಒಡತಿ ನಮ್ಮಿಬ್ಬರ ಮುಖ ನೋಡಿ, "ಏನೆನ್ನುತ್ತಾರೆ?" ಎಂದು ಕೇಳಿದರು.

ಆ ರಾತ್ರಿ ತಟ್ಟೆಯಲ್ಲಿ ಬಂದದ್ದನ್ನೆಲ್ಲ ತಿಂದವನು ನಾನು. ಆ ಒಂದು ತುಂಡನ್ನೂ ಬಾಯಿಗೆ ಹಾಕಿಕೊಂಡೆ. ನೀರಿನ ಲೋಟವನ್ನು ಅವನೇ ಮುಂದೆ ಸರಿಸಿದ. ಬಾಯಿ ಒರೆಸಿಕೊಂಡು ಒಡತಿಗೆ ಹೇಳಿದೆ, "ಬರುತ್ತಾರಂತೆ."